ಜರ್ನಲಿಸಂ ಓದುವವರ ಮೊದಲ ಬೀಟ್ ಅವರದೇ ಕ್ಯಾಂಪಸ್

ಪ್ರತಿವರ್ಷ ಡಿಗ್ರಿ ರಿಸಲ್ಟ್ ಬರುವ ಹೊತ್ತಿಗೆ ಒಂದೇ ಪ್ರಶ್ನೆ ಬೇರೆ ಬೇರೆ ನಂಬರುಗಳಿಂದ ಬರುತ್ತದೆ. ‘ಮಗಳು ಜರ್ನಲಿಸಂ ಮಾಡ್ತೇನೆ ಅಂತ ಹಟ ಹಿಡಿದಿದ್ದಾಳೆ, ಕೊಣಾಜೆಯ ಮಂಗಳೂರು ವಿವಿಗೆ ಸೇರಿಸುವುದಾ, ಪ್ರೈವೇಟಿಗಾ?’ ಕೆಲವರು ಇನ್ನೂ ನೇರ. ‘ಮೊಬೈಲ್ ಇದ್ದವರೆಲ್ಲ ಈಗ ರಿಪೋರ್ಟರೇ ಅಲ್ವಾ, ಅದಕ್ಕೆ ಎರಡು ವರ್ಷ ಎಂತಕ್ಕೆ ಓದಬೇಕು ಮಾರಾಯ್ರೆ?’

ಎರಡನೇ ಪ್ರಶ್ನೆಯೇ ಸರಿಯಾದದ್ದು. ಅದಕ್ಕೆ ಉತ್ತರ ಸಿಕ್ಕಿದರೆ ಮೊದಲನೆಯದಕ್ಕೂ ಸಿಗುತ್ತದೆ.

ಮೊಬೈಲ್ ಇದ್ದವರೆಲ್ಲ ವಿಡಿಯೊ ಮಾಡಬಹುದು, ಅದು ನಿಜ. ಕ್ಯಾಮೆರಾ ಹಿಡಿಯುವುದು, ಕತ್ತರಿಸಿ ಜೋಡಿಸುವುದು, ಕೆಳಗೆ ಪಟ್ಟಿ ಹಾಕುವುದು, ಮೈಕ್ ಮುಂದಿಟ್ಟು ಮಾತಾಡಿಸುವುದು, ಇದೆಲ್ಲ ಯೂಟ್ಯೂಬ್ ನೋಡಿಯೇ ಕಲಿಯಬಹುದು. ಹುಡುಗರು ಕಲಿತೂ ಆಗಿದೆ. ‘ನಮ್ಮಲ್ಲಿ ಸ್ಟುಡಿಯೊ ಉಂಟು, ಎಡಿಟಿಂಗ್ ಲ್ಯಾಬ್ ಉಂಟು’ ಅಂತ ಬ್ರೋಶರಿನಲ್ಲಿ ಹಾಕುವ ಕಾಲೇಜುಗಳು ಹದಿನೈದು ವರ್ಷ ಹಿಂದಿನ ಆಸೆಯನ್ನು ಈಗಲೂ ಮಾರುತ್ತಿವೆ. ಸ್ಟುಡಿಯೊ ನೋಡಿ ಕಾಲೇಜು ಆರಿಸುವುದಾದರೆ ಖಾಸಗಿಯವೇ ಗೆಲ್ಲುತ್ತವೆ, ಅದರಲ್ಲಿ ಎರಡು ಮಾತಿಲ್ಲ. ಲಕ್ಷಗಟ್ಟಲೆ ಫೀಸು ತೆಗೆದುಕೊಳ್ಳುವವರು ಒಳ್ಳೆ ಕ್ಯಾಮೆರಾ ಇಡದಿದ್ದರೆ ಹೇಗೆ?

ಹಾಗಾದರೆ ಸರ್ಕಾರಿ ವಿಶ್ವವಿದ್ಯಾನಿಲಯದ ಹತ್ತಿರ ಇರುವುದು ಏನು? ಫೀಸು ಕಡಿಮೆ ಅನ್ನುವುದನ್ನು ಎಲ್ಲರೂ ಹೇಳುತ್ತಾರೆ. ಅದು ಸಣ್ಣ ವಿಷಯ ಅಲ್ಲ. ಬೈಂದೂರಿನ ಮೀನುಗಾರರ ಮನೆಯಿಂದ, ಸುಳ್ಯದ ರಬ್ಬರ್ ಟ್ಯಾಪಿಂಗ್ ಮಾಡುವವರ ಮನೆಯಿಂದ, ಕಾರ್ಕಳದ ಬೀಡಿ ಕಟ್ಟುವ ಅಮ್ಮನ ಮನೆಯಿಂದ ಒಬ್ಬ ಹುಡುಗಿ ಪತ್ರಿಕೆಗೆ ಬರೆಯುವವಳಾಗಬೇಕಾದರೆ ಅದು ಹಾಸ್ಟೆಲ್, ಸ್ಕಾಲರ್‌ಶಿಪ್ ಸಿಗುವ ಸರ್ಕಾರಿ ಸೀಟಿನಿಂದ ಮಾತ್ರ ಆಗುವ ಕೆಲಸ. ಅವಳು ಬರದಿದ್ದರೆ ಅವಳ ಊರಿನ ಸುದ್ದಿಯೂ ಬರುವುದಿಲ್ಲ. ಬಂದರೂ ಕಾರಿನಿಂದ ಇಳಿದು ನೋಡಿ ಹೋದವರ ಸುದ್ದಿ ಬರುತ್ತದೆ. ಇನ್ನೊಂದು ಲಾಭ, ತುಳು, ಬ್ಯಾರಿ, ಕೊಂಕಣಿ, ಕುಂದಾಪುರದ ಕನ್ನಡ, ಕೊಡವ, ಎಲ್ಲ ಒಂದೇ ಬೆಂಚಿನಲ್ಲಿ ಕೂತುಕೊಳ್ಳುತ್ತವೆ. ಈ ಕರಾವಳಿಯಲ್ಲಿ ಅದು ಎಷ್ಟು ದೊಡ್ಡ ವಿಷಯ ಅಂತ ಇಲ್ಲಿಯವರಿಗೆ ವಿವರಿಸಬೇಕಾಗಿಲ್ಲ.

ಆದರೆ ನಾನು ಹೇಳಬೇಕೆಂದಿರುವುದು ಇದನ್ನಲ್ಲ. ದೊಡ್ಡ ಸರ್ಕಾರಿ ವಿಶ್ವವಿದ್ಯಾನಿಲಯ ಅಂದರೆ ಅದೇ ಒಂದು ಸರ್ಕಾರ. ಸಿಂಡಿಕೇಟ್ ಉಂಟು, ಬಜೆಟ್ ಉಂಟು, ಟೆಂಡರ್ ಉಂಟು, ಮೀಸಲಾತಿ ರೋಸ್ಟರ್ ಉಂಟು, ರಸ್ತೆ, ನೀರು, ಹಾಸ್ಟೆಲ್, ಅತಿಥಿ ಉಪನ್ಯಾಸಕರ ಸಂಬಳ, ನಿವೃತ್ತರ ಪಿಂಚಣಿ, ಆಡಿಟ್ ಆಕ್ಷೇಪ, ಕೋರ್ಟ್ ಕೇಸು ಎಲ್ಲ ಉಂಟು. ಒಬ್ಬ ವರದಿಗಾರ ಮುಂದೆ ಪಾಲಿಕೆಯಲ್ಲಿ, ಜಿಲ್ಲಾ ಪಂಚಾಯತಿನಲ್ಲಿ, ವಿಧಾನಸೌಧದಲ್ಲಿ ನೋಡುವುದೆಲ್ಲ ಇಲ್ಲಿ ಸಣ್ಣ ಅಳತೆಯಲ್ಲಿ, ಕ್ಲಾಸಿನಿಂದ ನಡೆದು ಹೋಗುವ ದೂರದಲ್ಲಿ ಸಿಗುತ್ತದೆ. ಇಷ್ಟು ಒಳ್ಳೆಯ ಪ್ರಯೋಗಶಾಲೆ ಯಾವ ಸ್ಟುಡಿಯೊದಲ್ಲೂ ಇಲ್ಲ. ವಿಚಿತ್ರ ಏನೆಂದರೆ ಈ ಪ್ರಯೋಗಶಾಲೆಯ ಬಾಗಿಲು ತೆರೆಯುವುದೇ ಅಪರೂಪ.

ಸ್ವಲ್ಪ ಹಿಂದಕ್ಕೆ ಹೋಗೋಣ

1843ರ ಜುಲೈ 1ರಂದು ಬಾಸೆಲ್ ಮಿಷನ್‌ನ ಹರ್ಮನ್ ಮೊಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರತಂದದ್ದು, ಅದು ಕಲ್ಲಚ್ಚಿನಲ್ಲಿ ಮುದ್ರಣವಾದದ್ದು, ಮರುವರ್ಷ ಬಳ್ಳಾರಿಗೆ ಹೋದದ್ದು, ಇದೆಲ್ಲ ಇಲ್ಲಿಯ ಯಾವ ಜರ್ನಲಿಸಂ ವಿದ್ಯಾರ್ಥಿಯನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಾರೆ. ಪ್ರತಿ ಜುಲೈ 1ಕ್ಕೆ ಪತ್ರಿಕಾ ದಿನಾಚರಣೆ, ಹಿರಿಯರೊಬ್ಬರಿಗೆ ಶಾಲು, ಹಣ್ಣು, ಮರುದಿನ ಮೂರನೇ ಪುಟದಲ್ಲಿ ಗ್ರೂಪ್ ಫೋಟೊ. ಅದು ಇರಲಿ.

ನಮಗೆ ಈಗ ಹೆಚ್ಚು ಬೇಕಾದದ್ದು ಇತ್ತೀಚಿನ ಚರಿತ್ರೆ. ಕರ್ನಾಟಕದಲ್ಲಿ ಕಾಲೇಜಿನೊಳಗೆ ಪತ್ರಿಕೋದ್ಯಮ ಕಲಿಸುವುದು ಶುರುವಾದದ್ದು 1951ರಲ್ಲಿ, ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ, ನಾಡಿಗ ಕೃಷ್ಣಮೂರ್ತಿಯವರ ಕಾಲದಲ್ಲಿ. ಕೊಣಾಜೆಯಲ್ಲಿ 1968ರಲ್ಲಿ ಮೈಸೂರು ವಿವಿಯ ಸ್ನಾತಕೋತ್ತರ ಕೇಂದ್ರ ಬಂತು, 1980ರಲ್ಲಿ ಅದು ಮಂಗಳೂರು ವಿಶ್ವವಿದ್ಯಾನಿಲಯ ಆಯಿತು. ಆದರೆ ಕರಾವಳಿಯಲ್ಲಿ ಹೆಸರು ಮಾಡಿದ ಪತ್ರಕರ್ತರಲ್ಲಿ ಹಳಬರನ್ನು ಕೇಳಿ ನೋಡಿ, ಹೆಚ್ಚಿನವರು ಕಲಿತದ್ದು ಡೆಸ್ಕಿನಲ್ಲಿ. 1970ರಲ್ಲಿ ಮಣಿಪಾಲದಿಂದ ‘ಉದಯವಾಣಿ’ ಬಂತು. 1984ರಲ್ಲಿ ವಡ್ಡರ್ಸೆ ರಘುರಾಮ ಶೆಟ್ಟರು ಓದುಗರಿಂದಲೇ ಷೇರು ಹಣ ಎತ್ತಿ ಮಂಗಳೂರಿನಲ್ಲಿ ‘ಮುಂಗಾರು’ ಕಟ್ಟಿದರು. ಆ ಪತ್ರಿಕೆ ಬಹಳ ಕಾಲ ಬಾಳಲಿಲ್ಲ, ಆದರೆ ಅಲ್ಲಿ ಪಳಗಿದವರು ಮುಂದೆ ರಾಜ್ಯದ ಬೇರೆ ಬೇರೆ ಪತ್ರಿಕೆಗಳಲ್ಲಿ ಕಂಡರು. ಕರಡು ತಿದ್ದಲು ಬಂದವನು ಉಪಸಂಪಾದಕನಾಗುವುದು, ಬಿಡಿ ಸುದ್ದಿಗಾರ ಜಿಲ್ಲಾ ವರದಿಗಾರನಾಗುವುದು ಮಾಮೂಲಿ ದಾರಿಯಾಗಿತ್ತು. ಹಿರಿಯರು ಬೈಯುತ್ತಿದ್ದರು, ಕಾಪಿ ಹರಿದು ಬಿಸಾಡುತ್ತಿದ್ದರು, ಹಾಗೆ ಕಲಿಸುತ್ತಿದ್ದರು.

ಈಗ ಡೆಸ್ಕಿನಲ್ಲಿ ಬೈಯುವುದಕ್ಕೂ ಯಾರಿಗೂ ಪುರುಸೊತ್ತಿಲ್ಲ. ಜನ ಕಡಿಮೆ, ಪುಟ ಜಾಸ್ತಿ, ಅದರ ಮೇಲೆ ವೆಬ್‌ಸೈಟ್, ಫೇಸ್‌ಬುಕ್, ರೀಲ್ಸ್. ‘ಬಂದ ದಿನದಿಂದಲೇ ಕೆಲಸ ಮಾಡುವವರು ಬೇಕು’ ಅನ್ನುತ್ತಾರೆ. ಅಂದರೆ ಮೊದಲು ಪತ್ರಿಕೆ ಮಾಡುತ್ತಿದ್ದ ತರಬೇತಿಯ ಖರ್ಚನ್ನು ಈಗ ವಿಶ್ವವಿದ್ಯಾನಿಲಯದ ಮೇಲೆ, ಅಂದರೆ ವಿದ್ಯಾರ್ಥಿ ಮತ್ತು ಅವರ ಮನೆಯವರ ಮೇಲೆ ಹಾಕಿ ಆಗಿದೆ. ಇದು ಗೊತ್ತಿಲ್ಲದೆ ‘ಈಗಿನ ಮಕ್ಕಳಿಗೆ ಏನೂ ಬರುವುದಿಲ್ಲ’ ಅಂತ ಹಿರಿಯರು ಮೈಕ್ ಹಿಡಿದು ಹೇಳುವುದು ಕೇಳಿದರೆ ಸ್ವಲ್ಪ ಸಿಟ್ಟೇ ಬರುತ್ತದೆ.

ಹತ್ತು ರೂಪಾಯಿಯ ಪಾಠ

ಕ್ಯಾಂಪಸ್ಸೇ ಮೊದಲ ಬೀಟ್, ಅಂದರೆ ದಿನಾ ಸುದ್ದಿ ಹುಡುಕುವ ಜಾಗ, ಆಗಬೇಕು ಅಂತ ಹೇಳುವುದಕ್ಕೆ ನನಗಿರುವ ದೊಡ್ಡ ಕಾರಣ ಆರ್‌ಟಿಐ. 2005ರ ಮಾಹಿತಿ ಹಕ್ಕು ಕಾಯ್ದೆ ಸರ್ಕಾರಿ ವಿಶ್ವವಿದ್ಯಾನಿಲಯಕ್ಕೆ ಪೂರ್ತಿ ಅನ್ವಯಿಸುತ್ತದೆ. ಸರ್ಕಾರದ ಅನುದಾನ ಇಲ್ಲದ ಖಾಸಗಿ ಕಾಲೇಜಿಗೆ ನೀವು ನೇರವಾಗಿ ಅರ್ಜಿ ಹಾಕಿ ಕಾಗದ ಕೇಳುವ ಹಾಗಿಲ್ಲ. ಜರ್ನಲಿಸಂ ಓದುವವರಿಗೆ ಈ ಒಂದು ವ್ಯತ್ಯಾಸ ಎಷ್ಟೋ ಕ್ಯಾಮೆರಾಗಳಿಗೆ ಸಮ. ಆದರೂ ಅಡ್ಮಿಷನ್ ಸಮಯದಲ್ಲಿ ಇದನ್ನು ಯಾರೂ ಹೇಳುವುದಿಲ್ಲ.

ಅರ್ಜಿಗೆ ಶುಲ್ಕ 10 ರೂಪಾಯಿ, ಅಂಚೆ ಕಚೇರಿಯಲ್ಲಿ ಪೋಸ್ಟಲ್ ಆರ್ಡರ್ ತೆಗೆದುಕೊಂಡರೆ ಆಯಿತು. ಪ್ರತಿ ಬೇಕಾದರೆ ಪುಟಕ್ಕೆ 2 ರೂಪಾಯಿ. ಕರ್ನಾಟಕದ ನಿಯಮದಲ್ಲಿ ಇನ್ನೊಂದು ಷರತ್ತು ಉಂಟು: ಒಂದು ಅರ್ಜಿಯಲ್ಲಿ ಒಂದೇ ವಿಷಯ, ಅದೂ 150 ಪದ ಮೀರಬಾರದು. ಆರ್‌ಟಿಐ ಕಾರ್ಯಕರ್ತರು ಈ ನಿಯಮವನ್ನು ಬೈಯುತ್ತಾರೆ, ಅದರಲ್ಲಿ ನ್ಯಾಯ ಉಂಟು. ಆದರೆ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಬರವಣಿಗೆ ಅಭ್ಯಾಸ ಇಲ್ಲ.

ಹೇಗೆ ಅಂತ ನೋಡಿ. ಹೊಸಬರು ಬರೆಯುವ ಅರ್ಜಿ ಸಾಮಾನ್ಯವಾಗಿ ಹೀಗಿರುತ್ತದೆ: ‘ಹಾಸ್ಟೆಲ್ ಊಟದ ಗುಣಮಟ್ಟ ಯಾಕೆ ಕಳಪೆಯಾಗಿದೆ, ಇದಕ್ಕೆ ಯಾರು ಹೊಣೆ, ಯಾವಾಗ ಸರಿಪಡಿಸುತ್ತೀರಿ?’ ಇದಕ್ಕೆ ಉತ್ತರ ಬರುವುದಿಲ್ಲ. ಬಂದರೆ ‘ತಾವು ಕೋರಿರುವುದು ಮಾಹಿತಿಯ ವ್ಯಾಪ್ತಿಗೆ ಬರುವುದಿಲ್ಲ’ ಅಂತ ಒಂದು ಸಾಲು ಬರುತ್ತದೆ. ಯಾಕೆಂದರೆ ಕಾಯ್ದೆ ಕೊಡಿಸುವುದು ಕಡತದಲ್ಲಿ ಇರುವುದನ್ನು, ಅಧಿಕಾರಿಯ ವಿವರಣೆಯನ್ನಲ್ಲ. ಅದೇ ಅರ್ಜಿಯನ್ನು ತಿದ್ದಿದರೆ ಹೀಗಾಗುತ್ತದೆ: ‘2024-25ನೇ ಸಾಲಿನಲ್ಲಿ ವಿದ್ಯಾರ್ಥಿನಿಲಯಕ್ಕೆ ದಿನಸಿ ಪೂರೈಸಲು ಕರೆದ ಟೆಂಡರ್ ಪ್ರಕಟಣೆ, ಬಂದ ದರಗಳ ತುಲನಾತ್ಮಕ ಪಟ್ಟಿ, ಕಾರ್ಯಾದೇಶ ಮತ್ತು ಪಾವತಿಸಿದ ಬಿಲ್ಲುಗಳ ಪ್ರತಿ ಕೊಡಿ.’ ‘ಯಾಕೆ’ ಹೋಯಿತು, ‘ಯಾರು’ ಹೋಯಿತು, ಸಿಟ್ಟು ಹೋಯಿತು. ಉಳಿದದ್ದು ನಾಲ್ಕು ಕಾಗದದ ಹೆಸರು. ಆ ನಾಲ್ಕು ಕಾಗದ ಕೈಗೆ ಬಂದ ಮೇಲೆ ‘ಯಾಕೆ’ ಮತ್ತು ‘ಯಾರು’ ತಾನಾಗಿ ಗೊತ್ತಾಗುತ್ತದೆ, ಅಥವಾ ಊಟ ಕೆಟ್ಟಿರುವುದಕ್ಕೆ ಟೆಂಡರ್ ಕಾರಣವೇ ಅಲ್ಲ, ಅಡುಗೆಯವರ ಸಂಖ್ಯೆ ಸಾಲದು ಅಂತ ಗೊತ್ತಾಗುತ್ತದೆ. ಎರಡನೆಯದು ಗೊತ್ತಾಗುವುದೇ ಹೆಚ್ಚು ಮುಖ್ಯ, ಯಾಕೆಂದರೆ ಆಗ ತಾನು ಮೊದಲೇ ಕಟ್ಟಿಕೊಂಡಿದ್ದ ಸುದ್ದಿಯನ್ನು ಕೈಬಿಡಲು ವಿದ್ಯಾರ್ಥಿ ಕಲಿಯುತ್ತಾನೆ. ಇದನ್ನು ಯಾವ ಥಿಯರಿ ಪೇಪರೂ ಕಲಿಸುವುದಿಲ್ಲ.

ಉತ್ತರ ಕೊಡಲು 30 ದಿನ. ಕೊಡದಿದ್ದರೆ ಅಲ್ಲಿಯೇ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ, ಅದಕ್ಕೂ 30 ದಿನದ ಗಡುವು. ನಂತರ 90 ದಿನದೊಳಗೆ ಮಾಹಿತಿ ಆಯೋಗಕ್ಕೆ ಹೋಗಬಹುದು. ಸೆಮಿಸ್ಟರಿನ ಮೊದಲ ವಾರ ಅರ್ಜಿ ಹಾಕಿದರೆ ಪರೀಕ್ಷೆಗೆ ಮುಂಚೆ ಒಂದು ವರದಿ ಬರೆಯಬಹುದು. ಆಯೋಗದವರೆಗೆ ಹೋದರೆ ಮಾತ್ರ ಡಿಗ್ರಿ ಮುಗಿದು ಮದುವೆಯೂ ಆಗಿರುತ್ತದೆ, ಅಷ್ಟು ಬಾಕಿ ಅಲ್ಲಿ. ಇನ್ನೊಂದು ಹೊಸ ತೊಡಕೂ ಸೇರಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಆರ್‌ಟಿಐನ 8(1)(ಜೆ) ವಿಧಿಯನ್ನು ಮೊಟಕು ಮಾಡಿ, ‘ವೈಯಕ್ತಿಕ ಮಾಹಿತಿ’ ಅಂತ ಹೇಳಿ ನಿರಾಕರಿಸುವುದನ್ನು ಸುಲಭ ಮಾಡಿದೆ. ಸಾರ್ವಜನಿಕ ಹಿತ ದೊಡ್ಡದಾದರೆ ಕೊಡಬಹುದು ಅನ್ನುವ 8(2) ಇನ್ನೂ ಉಳಿದಿದೆ. ಈ ಎರಡು ವಿಧಿಯ ನಡುವೆ ವಾದ ಹೂಡುವುದು ಹೇಗೆ ಅಂತ ಮಾಸ್ ಕಮ್ಯುನಿಕೇಶನ್ ಕ್ಲಾಸಿನಲ್ಲಿ ಕಲಿಸದಿದ್ದರೆ ಮತ್ತೆ ಎಲ್ಲಿ ಕಲಿಸುವುದು?

ಸುದ್ದಿಗೆ ಬರಗಾಲ ಇದೆಯಾ? ಇಲ್ಲವೇ ಇಲ್ಲ. ಶಕ್ತಿ ಯೋಜನೆಯನ್ನೇ ತೆಗೆದುಕೊಳ್ಳಿ. 2023ರ ಜೂನ್ 11ರಿಂದ ಮಹಿಳೆಯರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಆದರೆ ಮಂಗಳೂರು, ಉಡುಪಿ ಅಂದರೆ ಖಾಸಗಿ ಬಸ್ಸಿನ ಊರು. ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಿಂದ ತೊಕ್ಕೊಟ್ಟು, ದೇರಳಕಟ್ಟೆ ದಾಟಿ ಕೊಣಾಜೆಗೆ ದಿನಾ ಹೋಗುವ ಹುಡುಗಿ ತಿಂಗಳಿಗೆ ಎಷ್ಟು ಕೊಡುತ್ತಾಳೆ, ಅದೇ ದೂರ ಮೈಸೂರಿನಲ್ಲಿ ಓಡಾಡುವ ಹುಡುಗಿ ಎಷ್ಟು ಕೊಡುತ್ತಾಳೆ? ಆ ಮಾರ್ಗದಲ್ಲಿ ಸರ್ಕಾರಿ ಬಸ್ಸಿನ ಪರ್ಮಿಟ್ ಕತೆ ಏನು, ಪರ್ಮಿಟ್ ಕೊಡುವ ಸಾರಿಗೆ ಪ್ರಾಧಿಕಾರದ (ಆರ್‌ಟಿಎ) ಸಭೆಯ ನಡಾವಳಿ ಏನು ಹೇಳುತ್ತದೆ? ಒಂದು ತರಗತಿಯ ಹುಡುಗಿಯರು ತಮ್ಮ ಟಿಕೆಟುಗಳನ್ನು ಒಂದು ತಿಂಗಳು ಕೂಡಿಟ್ಟರೆ ಅರ್ಧ ವರದಿ ಆಗಿಹೋಯಿತು. ರಾಜ್ಯದ ಯಾವ ಪತ್ರಿಕೆಯೂ ಅದನ್ನು ಬೇಡ ಅನ್ನುವುದಿಲ್ಲ.

ಅಥವಾ ಅಂಕಪಟ್ಟಿ. ರಾಜ್ಯದ ವಿವಿಗಳನ್ನೆಲ್ಲ ಯುಯುಸಿಎಂಎಸ್ ಅನ್ನುವ ಒಂದೇ ತಂತ್ರಾಂಶಕ್ಕೆ ತಂದ ಮೇಲೆ ರಿಸಲ್ಟ್ ತಡ, ಇಂಟರ್ನಲ್ ಅಂಕ ಕಾಣೆ, ಅಂಕಪಟ್ಟಿ ಸಿಗುವುದಿಲ್ಲ ಅಂತ ದೂರುಗಳು ಮುಗಿದದ್ದೇ ಇಲ್ಲ. ರಾಷ್ಟ್ರೀಯ ಶಿಕ್ಷಣ ನೀತಿಯ (ಎನ್‌ಇಪಿ) ಕತೆಯೂ ಅಷ್ಟೇ. 2021-22ರಲ್ಲಿ ಕರ್ನಾಟಕ ನಾಲ್ಕು ವರ್ಷದ ಡಿಗ್ರಿ ತಂದಿತು, 2024-25ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿತು. ನಡುವೆ ಸಿಕ್ಕಿಬಿದ್ದ ಬ್ಯಾಚುಗಳ ಸಿಲೆಬಸ್ ಒಂದು, ತಮ್ಮಂದಿರದ್ದು ಇನ್ನೊಂದು. ಈ ಗೊಂದಲದ ಬಗ್ಗೆ ಬೆಂಗಳೂರಿನ ಶಿಕ್ಷಣ ತಜ್ಞರು ಎಷ್ಟೋ ಬರೆದರು. ಆ ಬೆಂಚಿನಲ್ಲೇ ಕೂತವರು ಬರೆದದ್ದನ್ನು ನೀವು ಎಲ್ಲಾದರೂ ಓದಿದ್ದೀರಾ?

ಇನ್ನು ವಿವಿಯ ಹಣದ ಕತೆ. ಮಂಗಳೂರು ವಿವಿಯ ಆರ್ಥಿಕ ಮುಗ್ಗಟ್ಟು ಇತ್ತೀಚಿನ ವರ್ಷಗಳಲ್ಲಿ ಮತ್ತೆ ಮತ್ತೆ ಪತ್ರಿಕೆಗಳಲ್ಲಿ ಬಂದಿದೆ. ಕಾರಣಗಳು ಒಂದಕ್ಕೊಂದು ಹೆಣೆದುಕೊಂಡಿವೆ. ದೊಡ್ಡ ಕಾಲೇಜುಗಳು ಒಂದೊಂದಾಗಿ ಸ್ವಾಯತ್ತ ಆದವು, 2024ರಲ್ಲಿ ಸೇಂಟ್ ಅಲೋಶಿಯಸ್ ಡೀಮ್ಡ್ ವಿವಿಯೇ ಆಯಿತು. ಹಾಗಾದಾಗ ಪರೀಕ್ಷಾ ಶುಲ್ಕ, ಸಂಯೋಜನೆ ಶುಲ್ಕದ ಆದಾಯ ಹೋಗುತ್ತದೆ. ಕೊಡಗಿಗೆ ಬೇರೆ ವಿವಿ ಬಂದು ಅಲ್ಲಿನ ಕಾಲೇಜುಗಳೂ ಹೋದವು. ನಿವೃತ್ತರ ಪಿಂಚಣಿಗೆ ಸರ್ಕಾರ ಕೊಡುವುದು ಸಾಲದೆ ವಿವಿಗಳು ತಮ್ಮ ಕೈಯಿಂದ ಹಾಕಬೇಕಾದ ಸ್ಥಿತಿ ಇಡೀ ರಾಜ್ಯದಲ್ಲಿದೆ. ಖಾಲಿ ಹುದ್ದೆ ತುಂಬಿಲ್ಲ, ಪಾಠ ಅತಿಥಿ ಉಪನ್ಯಾಸಕರ ತಲೆ ಮೇಲೆ. ವಿವಿಯ ವಾರ್ಷಿಕ ವರದಿ, ಲೆಕ್ಕಪತ್ರ ವಿಧಾನಮಂಡಲದ ಮುಂದೆ ಹೋಗುವ ದಾಖಲೆ, ಗುಟ್ಟಿನ ಕಾಗದ ಅಲ್ಲ. ಅದನ್ನು ತಂದು ಕ್ಲಾಸಿನಲ್ಲಿ ಹರಡಿ ಕೂತರೆ ಬಜೆಟ್ ಓದುವುದನ್ನು ಕಲಿಸಿದ ಹಾಗಾಯಿತು, ಸುದ್ದಿಯೂ ಸಿಕ್ಕಿತು.

ಮತ್ತೆ ಯಾಕೆ ಬರೆಯುವುದಿಲ್ಲ?

ಉತ್ತರ ಎಲ್ಲರಿಗೂ ಗೊತ್ತು: ಇಂಟರ್ನಲ್ ಮಾರ್ಕ್ಸ್.

ಹೆಚ್ಚಿನ ಕಡೆ 100ರಲ್ಲಿ 30 ಅಂಕ ವಿಭಾಗದ ಕೈಯಲ್ಲಿ. ಅದರ ಮೇಲೆ ಪ್ರಾಜೆಕ್ಟ್, ವೈವಾ, ಶಿಫಾರಸು ಪತ್ರ, ಪಿಎಚ್‌ಡಿ ಆಸೆ ಇದ್ದರೆ ಗೈಡ್. ವಿದ್ಯಾರ್ಥಿ ತನ್ನ ವಿವಿಯ ಬಗ್ಗೆ ಒಂದು ಕಟು ವರದಿ ಬರೆದರೆ ಮೇಷ್ಟ್ರು ಒಳ್ಳೆಯವರೇ ಆದರೂ ಅವರಿಗೆ ಮೇಲಿಂದ ಫೋನ್ ಬರುತ್ತದೆ. ಮೇಷ್ಟ್ರು ಅತಿಥಿ ಉಪನ್ಯಾಸಕರಾಗಿದ್ದರೆ ಅವರ ಮುಂದಿನ ವರ್ಷದ ಕೆಲಸವೇ ಆ ಫೋನಿನ ಕೈಯಲ್ಲಿ. ಇದು ಒಂದು ಕಾಲೇಜಿನ, ಒಬ್ಬ ಕುಲಪತಿಯ ಕತೆ ಅಲ್ಲ. ಖಾಯಂ ನೇಮಕಾತಿ ಇಲ್ಲದ ಕಡೆ ಎಲ್ಲ ಇದೇ ಪರಿಸ್ಥಿತಿ. ಖಾಯಂ ಮೇಷ್ಟ್ರುಗಳ ಕೊರತೆಯನ್ನು ನಾವು ‘ಪಾಠ ಆಗುವುದಿಲ್ಲ’ ಅನ್ನುವ ಲೆಕ್ಕದಲ್ಲಿ ಮಾತ್ರ ನೋಡುತ್ತೇವೆ. ವಿದ್ಯಾರ್ಥಿಯ ಬೆನ್ನಿಗೆ ನಿಲ್ಲುವವರು ಇಲ್ಲದೆ ಹೋಗುವುದು ಜರ್ನಲಿಸಂ ವಿಭಾಗಕ್ಕೆ ಅದಕ್ಕಿಂತ ದೊಡ್ಡ ನಷ್ಟ.

ಪರಿಣಾಮ ನೋಡಬೇಕಾದರೆ ಯಾವ ಕಾಲೇಜಿನದ್ದಾದರೂ ಸರಿ, ವಿದ್ಯಾರ್ಥಿಗಳ ಪ್ರಾಯೋಗಿಕ ಪತ್ರಿಕೆ ತೆಗೆದು ನೋಡಿ. ನನ್ನ ಹತ್ತಿರ ಬೇರೆ ಬೇರೆ ಕಾಲೇಜಿನವು ಒಂದು ಕಟ್ಟು ಇವೆ. ಮೊದಲ ಪುಟದಲ್ಲಿ ‘ವಿಚಾರ ಸಂಕಿರಣ ಉದ್ಘಾಟನೆ’, ದೀಪ ಹಚ್ಚುವ ಫೋಟೊ. ಒಳಗೆ ‘ಕ್ಯಾಂಪಸ್‌ನಲ್ಲಿ ವನಮಹೋತ್ಸವ’, ಭೂತಕೋಲದ ಮೇಲೊಂದು ನುಡಿಚಿತ್ರ, ಯಕ್ಷಗಾನದ ಮೇಲೊಂದು, ಪತ್ರೊಡೆಯ ಮೇಲೊಂದು. ಕೊನೆ ಪುಟದಲ್ಲಿ ಕ್ರೀಡಾಕೂಟ. ಭೂತಕೋಲ, ಪತ್ರೊಡೆ ಎರಡೂ ನನಗೆ ಇಷ್ಟವೇ. ಆದರೆ ಹಾಸ್ಟೆಲಿನಲ್ಲಿ ನೀರು ಬಾರದ ವಾರದಲ್ಲೇ ಪತ್ರೊಡೆ ಬಗ್ಗೆ ಎರಡು ಕಾಲಂ ಬರೆಸಿದರೆ ಆ ಮಕ್ಕಳು ಕಲಿಯುವುದು ಏನನ್ನು? ಏನು ಬರೆಯಬಾರದು ಅನ್ನುವುದನ್ನು. ಅದನ್ನು ಬಹಳ ಚೆನ್ನಾಗಿ ಕಲಿಯುತ್ತಾರೆ. ಮುಂದೆ ಪತ್ರಿಕೆಗೆ ಸೇರಿದಾಗ ಜಾಹೀರಾತು ಕೊಡುವ ಆಸ್ಪತ್ರೆ, ಬಿಲ್ಡರು, ಶಿಕ್ಷಣ ಸಂಸ್ಥೆಗಳ ಬಗ್ಗೆ ಯಾರೂ ಹೇಳದೆಯೇ ಸುಮ್ಮನಿರುವ ಕಲೆ ಅವರಿಗೆ ಆಗಲೇ ಬಂದಿರುತ್ತದೆ.

ಸರಿಪಡಿಸಲು ಆಗದ ವಿಷಯ ಅಲ್ಲ ಇದು. ಕ್ಯಾಂಪಸ್ ವರದಿಗಾರಿಕೆಗೆ ಅಂಕ ಕೊಡುವುದನ್ನು ಹೊರಗಿನ ಪತ್ರಕರ್ತರಿಗೆ ಬಿಡಬಹುದು. ಕಚೇರಿಯ ವಿವರಣೆಯನ್ನು ವರದಿಯಲ್ಲೇ ಕಡ್ಡಾಯವಾಗಿ ಹಾಕಬೇಕು ಅಂತ ಮಾಡಬಹುದು, ಆಗ ರಿಜಿಸ್ಟ್ರಾರರಿಗೂ ದೂರಲು ಏನೂ ಉಳಿಯುವುದಿಲ್ಲ. ವಿಭಾಗಕ್ಕೆ ಒಂದು ಲಿಖಿತ ನಿಯಮ ಇರಲಿ, ದಾಖಲೆ ಇದ್ದ ವರದಿಯನ್ನು ಮುದ್ರಣಕ್ಕೆ ಮುಂಚೆ ಆಡಳಿತಕ್ಕೆ ತೋರಿಸಬೇಕಾಗಿಲ್ಲ ಅಂತ. ಇದಕ್ಕೆ ದುಡ್ಡು ಬೇಕಾಗಿಲ್ಲ, ಮುಗ್ಗಟ್ಟಿನಲ್ಲಿರುವ ವಿವಿಯೂ ಮಾಡಬಹುದು.

ಕಾನೂನು ಪೇಪರು ಬೋರು, ಆದರೆ...

ಮಾಧ್ಯಮ ಕಾನೂನಿನ ಪೇಪರನ್ನು ವಿದ್ಯಾರ್ಥಿಗಳು ಪರೀಕ್ಷೆಯ ಹಿಂದಿನ ರಾತ್ರಿ ಉರು ಹೊಡೆಯುತ್ತಾರೆ. ದಕ್ಷಿಣ ಕನ್ನಡ, ಉಡುಪಿ ಈ ಎರಡು ಜಿಲ್ಲೆಗಳಲ್ಲಿ ಹಾಗೆ ಮಾಡುವುದು ಅಪಾಯ. 2012ರ ಜುಲೈ 28ರಂದು ಮಂಗಳೂರಿನ ಪಡೀಲಿನಲ್ಲಿ ಹುಡುಗ ಹುಡುಗಿಯರು ಪಾರ್ಟಿ ಮಾಡುತ್ತಿದ್ದ ಹೋಂಸ್ಟೇ ಮೇಲೆ ದಾಳಿ ಆಯಿತು. ಅದನ್ನು ಚಿತ್ರೀಕರಿಸಿ ಹೊರಗೆ ತಂದ ಟಿವಿ ವರದಿಗಾರ ನವೀನ್ ಸೂರಿಂಜೆ ಅವರನ್ನೇ ಆರೋಪಿ ಮಾಡಿ ನವೆಂಬರಿನಲ್ಲಿ ಬಂಧಿಸಿದರು, ಹೈಕೋರ್ಟ್ ಜಾಮೀನು ಸಿಗುವಷ್ಟರಲ್ಲಿ 2013ರ ಮಾರ್ಚ್ ಬಂದಿತ್ತು. ಸ್ಥಳಕ್ಕೆ ಹೋಗುವ ಮುಂಚೆ ಮಾಹಿತಿ ಬಂದರೆ ಏನು ಮಾಡಬೇಕು, ಪೊಲೀಸರಿಗೆ ಮಾಡಿದ ಕರೆಯ ದಾಖಲೆ ಹೇಗೆ ಇಡಬೇಕು, ಸಂತ್ರಸ್ತೆಯ ಮುಖ ಪ್ರಸಾರದಲ್ಲಿ ಹೇಗೆ ಮರೆಮಾಡಬೇಕು, ಇದನ್ನೆಲ್ಲ ಆ ಒಂದು ಪ್ರಕರಣ ಇಟ್ಟುಕೊಂಡು ಇಡೀ ಸೆಮಿಸ್ಟರ್ ಕಲಿಸಬಹುದು. 2019ರ ಡಿಸೆಂಬರಿನಲ್ಲಿ ಸಿಎಎ ವಿರೋಧಿ ಪ್ರತಿಭಟನೆಯ ವೇಳೆ ಮಂಗಳೂರಿನಲ್ಲಿ ಗೋಲಿಬಾರ್ ಆದ ಮರುದಿನ ವೆನ್ಲಾಕ್ ಆಸ್ಪತ್ರೆ ಹತ್ತಿರ ಕೇರಳದ ವರದಿಗಾರರನ್ನು ಪೊಲೀಸರು ಹಿಡಿದು ಗಂಟೆಗಟ್ಟಲೆ ಇಟ್ಟುಕೊಂಡು ಗಡಿ ದಾಟಿಸಿದರು. ಕೈಯಲ್ಲಿ ಸಂಸ್ಥೆಯ ಕಾರ್ಡ್ ಇದ್ದವರ ಪಾಡೇ ಇದಾದರೆ, ಬರೀ ಕಾಲೇಜು ಐಡಿ ಇಟ್ಟುಕೊಂಡು ಇಂಟರ್ನ್‌ಶಿಪ್‌ಗೆ ಬಂದ ಮಕ್ಕಳನ್ನು ಗಲಾಟೆ ಸ್ಥಳಕ್ಕೆ ಕಳಿಸುವವರಿಗೆ ಏನು ಹೇಳುವುದು?

2022ರ ಫೆಬ್ರುವರಿ ನೆನಪಿದೆಯಲ್ಲ. ಉಡುಪಿಯ ಪಿಯು ಕಾಲೇಜಿನಿಂದ ಶುರುವಾದ ಹಿಜಾಬ್ ವಿವಾದ ರಾಜ್ಯಕ್ಕೆ ಹಬ್ಬಿದಾಗ ಗೇಟಿನ ಎದುರು ಕ್ಯಾಮೆರಾಗಳು ಸಾಲು ನಿಂತವು. ಓಡಿ ಹೋಗುವ ಹುಡುಗಿಯರ ಹಿಂದೆ ವರದಿಗಾರರು ಮೈಕ್ ಹಿಡಿದು ಓಡಿದರು. ಆ ಹುಡುಗಿಯರಲ್ಲಿ ಎಷ್ಟು ಮಂದಿಗೆ ಹದಿನೆಂಟು ತುಂಬಿರಲಿಲ್ಲ ಅಂತ ಆ ಗಡಿಬಿಡಿಯಲ್ಲಿ ಯಾರು ಕೇಳಿದರು? ಆ ದಿನ ಮೈಕ್ ಹಿಡಿದು ಓಡಿದವರಲ್ಲೂ ಜರ್ನಲಿಸಂ ಓದಿಯೇ ಬಂದವರು ಇದ್ದರು, ಸಿಲೆಬಸ್ಸಿನಲ್ಲಿ ‘ಮಾಧ್ಯಮ ನೀತಿ’ ಅಂತ ಒಂದು ಯುನಿಟ್ಟೂ ಇತ್ತು.

ಹಲವು ಶವಗಳನ್ನು ಹೂತಿದ್ದೇನೆ ಅಂತ ಒಬ್ಬ ಕೊಟ್ಟ ದೂರಿನಿಂದ ಶುರುವಾದ 2025ರ ಧರ್ಮಸ್ಥಳ ಪ್ರಕರಣ ಇನ್ನೂ ಹಸಿ. ಜುಲೈನಲ್ಲಿ ಬೆಂಗಳೂರಿನ ಸಿವಿಲ್ ಕೋರ್ಟ್ ಮಾನಹಾನಿಯ ಕಾರಣಕ್ಕೆ ಮಾಧ್ಯಮಗಳ ಮೇಲೆ ತಡೆಯಾಜ್ಞೆ ಕೊಟ್ಟಿತು, ಸಾವಿರಗಟ್ಟಲೆ ಲಿಂಕ್ ತೆಗೆಯಬೇಕಾದ ಪಟ್ಟಿಯೂ ಅದರ ಜೊತೆ ಇತ್ತು. ಮಂಗಳೂರಿನ ಒಂದು ಯೂಟ್ಯೂಬ್ ಚಾನೆಲ್ ಹೈಕೋರ್ಟಿಗೆ ಹೋಯಿತು, ಆಗಸ್ಟ್ 1ರಂದು ಆ ಚಾನೆಲಿನ ಮಟ್ಟಿಗೆ ಆಜ್ಞೆ ರದ್ದಾಯಿತು. ಕೆಲವೇ ದಿನಗಳಲ್ಲಿ ಧರ್ಮಸ್ಥಳದಲ್ಲಿ ಯೂಟ್ಯೂಬರುಗಳ ಮೇಲೆ ಹಲ್ಲೆ ಆಯಿತು. ತಿಂಗಳ ಕೊನೆಯೊಳಗೆ ವಿಶೇಷ ತನಿಖಾ ತಂಡ (ಎಸ್‌ಐಟಿ) ಮೂಲ ದೂರುದಾರನನ್ನೇ ಬಂಧಿಸಿತು. ಈ ಎರಡು ತಿಂಗಳಲ್ಲಿ ಎರಡೂ ಕಡೆಯವರು ತೀರ್ಪು ಕೊಟ್ಟು ಮುಗಿಸಿದ್ದರು. ‘ದೂರಿನಲ್ಲಿ ಹೇಳಲಾಗಿದೆ’, ‘ಪೊಲೀಸರು ದೃಢಪಡಿಸಿಲ್ಲ’ ಅನ್ನುವ ಬೋರು ಹೊಡೆಸುವ ಸಾಲುಗಳನ್ನು ಬಿಡದೆ ಬರೆದವರಿಗೆ ವ್ಯೂಸ್ ಬರಲಿಲ್ಲ, ಆದರೆ ಇವತ್ತು ಆ ವರದಿಗಳನ್ನು ತೆಗೆದು ಹಾಕುವ ಗತಿಯೂ ಬಂದಿಲ್ಲ. ಮೊಬೈಲ್ ಇದ್ದವರೆಲ್ಲ ರಿಪೋರ್ಟರಾ ಅಂತ ಕೇಳಿದ್ದರಲ್ಲ, ಎರಡು ವರ್ಷ ಎಂತಕ್ಕೆ ಅನ್ನುವುದಕ್ಕೆ ಇದು ಒಂದು ಉತ್ತರ. ಮಾನನಷ್ಟಕ್ಕೆ ಈಗ ಐಪಿಸಿ 499 ಇಲ್ಲ, ಭಾರತೀಯ ನ್ಯಾಯ ಸಂಹಿತೆಯ 356 ಬಂದಿದೆ. ಅತ್ಯಾಚಾರ ಸಂತ್ರಸ್ತೆಯ ಗುರುತು ಹೊರಗೆಡವಿದರೆ ಸೆಕ್ಷನ್ 72, ಮಕ್ಕಳ ಪ್ರಕರಣದಲ್ಲಿ ಪೋಕ್ಸೊ 23. ಊರಿನ ಹೆಸರು, ಶಾಲೆಯ ಹೆಸರು, ಅಪ್ಪನ ಕೆಲಸ ಮೂರನ್ನೂ ಹಾಕಿ ಹುಡುಗಿಯ ಹೆಸರು ಮಾತ್ರ ಬಿಟ್ಟರೆ ಗುರುತು ಮುಚ್ಚಿದ ಹಾಗಾಗುವುದಿಲ್ಲ. ವಾಟ್ಸ್ಯಾಪ್ ಸುದ್ದಿ ಗ್ರೂಪುಗಳಲ್ಲಿ ಈ ತಪ್ಪು ನಿತ್ಯ ಕಾಣುತ್ತದೆ.

ಕೀಬೋರ್ಡಿನ ಒಂದು ಸಣ್ಣ ವಿಷಯ

ಡೆಸ್ಕಿಗೆ ಬರುವ ಹೊಸಬರು ಮೊದಲ ದಿನ ಒದ್ದಾಡುವುದು ಭಾಷೆಗಲ್ಲ, ಟೈಪಿಂಗಿಗೆ. ಫೋನಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರಿಸುವುದು ಅಥವಾ ಬಾಯಲ್ಲಿ ಹೇಳಿ ಬರೆಸುವುದು ಅಭ್ಯಾಸ. ಪತ್ರಿಕೆಯ ಪುಟ ಕಟ್ಟುವ ಕಡೆ ಇನ್ನೂ ಹಳೆಯ ಆಸ್ಕಿ ಫಾಂಟುಗಳ ಸಾಮ್ರಾಜ್ಯ, ವೆಬ್‌ಸೈಟಿಗೆ ಮಾತ್ರ ಯುನಿಕೋಡ್. ನಡುವೆ ಒಂದರಿಂದ ಇನ್ನೊಂದಕ್ಕೆ ಅಕ್ಷರ ಬದಲಿಸುವ ಕನ್ವರ್ಟರ್. ಅದರಲ್ಲಿ ಹಾದು ಬರುವಾಗ ಒತ್ತಕ್ಷರ ಜಾಗ ಬಿಟ್ಟು ಕೂರುತ್ತದೆ, ‘ರ‍್ಯಾಂಕ್’ ಹೋಗಿ ‘ರ್ಯಾಂಕ್’ ಆಗುತ್ತದೆ, ಉದ್ಧರಣ ಚಿಹ್ನೆ ಬೇರೇನೋ ಆಗುತ್ತದೆ. ರಾತ್ರಿ ಹನ್ನೊಂದಕ್ಕೆ ಪುಟ ಬಿಡುವ ಹೊತ್ತಿನಲ್ಲಿ ಇದನ್ನು ಕಣ್ಣಲ್ಲೇ ಹಿಡಿಯಬೇಕು. ನುಡಿ ತಂತ್ರಾಂಶದ ಕೀಲಿಮಣೆ ವಿನ್ಯಾಸದ ಮೂಲ ಕೆ.ಪಿ. ರಾವ್ ಅವರದ್ದು, ಮಂಗಳೂರು ಹತ್ತಿರದ ಕಿನ್ನಿಕಂಬಳದವರು, ಮಣಿಪಾಲದಲ್ಲೇ ಕೆಲಸ ಮಾಡಿದವರು. ಅವರ ಊರಿನ ಮಕ್ಕಳೇ ಆ ಕೀಲಿಮಣೆ ಕಲಿಯದೆ ಎಂ.ಎ. ಮುಗಿಸುತ್ತಾರೆ ಅನ್ನುವುದು ತಮಾಷೆಯೂ ಹೌದು, ಬೇಸರವೂ ಹೌದು. ಒಂದು ತಿಂಗಳ ಅಭ್ಯಾಸ ಸಾಕು. ಸಿಲೆಬಸ್ಸಿನಲ್ಲಿ ಸಂವಹನ ಸಿದ್ಧಾಂತಗಳಿಗೆ ಜಾಗ ಇದೆ, ಇದಕ್ಕೆ ಇಲ್ಲ.

ಕೆಲಸದ ಮಾತು

ಮನೆಯವರು ಕೇಳುವುದು ಕೊನೆಗೆ ಇದನ್ನೇ, ಕೇಳಬೇಕಾದದ್ದೂ ಹೌದು. ಸುಳ್ಳು ಹೇಳಿ ಪ್ರಯೋಜನ ಇಲ್ಲ, ಶುರುವಿನ ಸಂಬಳ ಕಡಿಮೆ. ಕಾರ್ಯನಿರತ ಪತ್ರಕರ್ತರ ಕಾಯ್ದೆ 1955ರಲ್ಲೇ ಬಂದಿತ್ತು, 2025ರ ಕೊನೆಗೆ ಹೊಸ ಕಾರ್ಮಿಕ ಸಂಹಿತೆಗಳು ಅದರ ಜಾಗಕ್ಕೆ ಬಂದವು. ಮಜೀಠಿಯಾ ವೇತನ ಮಂಡಳಿಯ ಶಿಫಾರಸು 2011ರಲ್ಲಿ ಅಧಿಸೂಚನೆ ಆಯಿತು, 2014ರಲ್ಲಿ ಸುಪ್ರೀಂ ಕೋರ್ಟ್ ಎತ್ತಿ ಹಿಡಿಯಿತು. ಕಾಗದದಲ್ಲಿ ಎಲ್ಲ ಚೆನ್ನಾಗಿತ್ತು. ಅದನ್ನು ತಪ್ಪಿಸಿಕೊಳ್ಳಲು ಕಂಪನಿಗಳು ಗುತ್ತಿಗೆ ಪದ್ಧತಿ ಹಿಡಿದವು. ತಾಲೂಕಿನ ಬಿಡಿ ಸುದ್ದಿಗಾರರ ಪಾಡು ಇನ್ನೂ ಕಷ್ಟ, ಪೆಟ್ರೋಲು ತಮ್ಮದೇ, ಜಾಹೀರಾತು ತರುವ ಜವಾಬ್ದಾರಿಯೂ ಅವರದ್ದೇ.

ಅದರ ಮೇಲೆ ಎಐ. ಇಂಗ್ಲಿಷ್ ಏಜೆನ್ಸಿ ಸುದ್ದಿಯನ್ನು ಕನ್ನಡಕ್ಕೆ ತರುವುದು, ಪ್ರೆಸ್‌ನೋಟ್ ಚಿಕ್ಕದು ಮಾಡುವುದು, ಶೀರ್ಷಿಕೆ ಹಚ್ಚುವುದು, ಹೊಸಬರ ಮೊದಲ ಎರಡು ವರ್ಷ ಇದರಲ್ಲೇ ಕಳೆಯುತ್ತಿತ್ತು. ಈಗ ಆ ಕೆಲಸವನ್ನು ಯಂತ್ರ ಮಾಡುತ್ತದೆ, ತಪ್ಪು ಮಾಡುತ್ತದೆ, ಆದರೂ ಮಾಡುತ್ತದೆ. ಯಂತ್ರ ಮಾಡದ ಕೆಲಸ ಏನೆಂದರೆ ಮಲ್ಪೆ ಬಂದರಿಗೆ ಬೆಳಿಗ್ಗೆ ಹೋಗಿ ತುಳುವಿನಲ್ಲಿ ಮಾತಾಡಿ ಡೀಸೆಲ್ ಸಬ್ಸಿಡಿಯ ಲೆಕ್ಕ ತೆಗೆಯುವುದು, ಪಾಲಿಕೆ ಕಡತ ಓದುವುದು, ಆರ್‌ಟಿಐ ಉತ್ತರದ ಮೂರನೇ ಪುಟದಲ್ಲಿ ಹೊಂದದ ಅಂಕಿ ಹಿಡಿಯುವುದು. ಕ್ಯಾಂಪಸ್ಸನ್ನೇ ಬೀಟ್ ಮಾಡಿಕೊಂಡವರಿಗೆ ಇದೆಲ್ಲ ಓದುವಾಗಲೇ ರೂಢಿಯಾಗಿರುತ್ತದೆ. ಬರೀ ನೋಟ್ಸ್ ಓದಿ ಬಂದವರು ಯಂತ್ರದ ಜೊತೆ ಸ್ಪರ್ಧೆಗೆ ಇಳಿಯಬೇಕು.

ಪತ್ರಿಕೆಗೇ ಹೋಗಬೇಕೆಂದಿಲ್ಲ ಅನ್ನಿ. ಓದಿದವರಲ್ಲಿ ಬಹಳ ಮಂದಿ ದೇರಳಕಟ್ಟೆಯ ಮೆಡಿಕಲ್ ಕಾಲೇಜುಗಳ ಪಿಆರ್ ವಿಭಾಗದಲ್ಲಿ, ಡಿಜಿಟಲ್ ಮಾರ್ಕೆಟಿಂಗಿನಲ್ಲಿ, ವಾರ್ತಾ ಇಲಾಖೆಯಲ್ಲಿ ಇದ್ದಾರೆ. ಕೆಲವರು ಉಪನ್ಯಾಸಕರಾಗಲು ಬೇಕಾದ ನೆಟ್, ಕೆಸೆಟ್ ಪರೀಕ್ಷೆ ಬರೆದು ಅತಿಥಿ ಉಪನ್ಯಾಸಕರಾಗಿ ಮೇಲೆ ಹೇಳಿದ ಫೋನಿಗೆ ಹೆದರುವವರ ಸಾಲಿಗೆ ಸೇರಿದ್ದಾರೆ. ಅದೂ ಬದುಕೇ.

ಹಾಗಾಗಿ ಫೋನ್ ಮಾಡಿ ಕೇಳುವವರಿಗೆ ನಾನು ಈಗ ಹೇಳುವುದು ಇಷ್ಟು. ಕೊಣಾಜೆಯೋ ಪ್ರೈವೇಟೋ ಅಂತ ತೀರ್ಮಾನಿಸುವ ಮುಂಚೆ ವಿಭಾಗಕ್ಕೆ ಹೋಗಿ ಕಳೆದ ಎರಡು ವರ್ಷದ ಪ್ರಾಯೋಗಿಕ ಪತ್ರಿಕೆಗಳನ್ನು ಕೇಳಿ ತೆಗೆದುಕೊಳ್ಳಿ. ಖಾಯಂ ಮೇಷ್ಟ್ರು ಎಷ್ಟು ಜನ ಅಂತ ಕೇಳಿ. ಇಂಟರ್ನ್‌ಶಿಪ್‌ಗೆ ಹೋದವರು ಎಲ್ಲಿಗೆ ಹೋದರು, ಅಲ್ಲಿ ಏನು ಬರೆದರು ಅಂತ ಹಳೆಯ ವಿದ್ಯಾರ್ಥಿಗಳನ್ನೇ ವಿಚಾರಿಸಿ. ಮತ್ತೆ ಆ ಪತ್ರಿಕೆಗಳನ್ನು ಮನೆಗೆ ತಂದು ಕೂತು ಓದಿ, ಆ ಸಂಸ್ಥೆಯ ಆಡಳಿತಕ್ಕೆ ಇಷ್ಟವಾಗದ ಒಂದೇ ಒಂದು ವರದಿ ಅದರಲ್ಲಿ ಇದೆಯಾ ನೋಡಿ. ಒಂದೂ ಸಿಗದಿದ್ದರೆ, ಯಾಕೆ ಇಲ್ಲ ಅಂತ ಅಡ್ಮಿಷನ್ ದಿನವೇ ವಿಭಾಗದ ಮುಖ್ಯಸ್ಥರನ್ನು ಕೇಳಲು ನಿಮ್ಮ ಮಗಳಿಗೆ ಹೇಳಿ.